ಆಟದ ಯಂತ್ರಗಳೂ ನೊಬುಕೊ ಅವರ ಬಿಸಿಲೂ

ಒಸಾಕಾದ ನಿಪ್ಪೊನ್‌ಬಾಶಿಯ ನಮ್ಮ ಅಂಗಡಿಗೆ ಹಳೆಯ ವಿಡಿಯೋ ಗೇಮ್ ಹುಡುಕಿಕೊಂಡು ಬರುವ ಗಂಡಸರೆಲ್ಲ ಒಂದೇ ಕಥೆ ಹೇಳುತ್ತಾರೆ: "ನನ್ನ ಹತ್ರಾನೂ ರಾಶಿ ಇತ್ತು, ಅಮ್ಮ ಎಸೆದುಬಿಟ್ಟಳು." ಆಟದ ಕ್ಯಾಸೆಟ್‌ಗಳಿಗೆ ಇವತ್ತು ಈ ಪರಿ ಬೆಲೆ ಬಂದಿರುವುದೇ ತಾಯಂದಿರು ಎಸೆದದ್ದರಿಂದ ಎಂದು ಹೇಳಿ ನಗುತ್ತಾರೆ. ಉಳಿದವು ಹೇಗೆ ಉಳಿದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಿಶಿವಾಕಿ ನೊಬುಕೊ ಅವರ ಹೆಸರು ಹೇಳುತ್ತಿದ್ದೆ.

ನೊಬುಕೊ ಟವೆಲ್ ನೇಯುವವರ ಮಗಳು. ಮದುವೆಯಾಗಿ ಸೆನ್ಬೊಕುವಿನ ವಸತಿ ಕಟ್ಟಡದ ನಾಲ್ಕನೇ ಮಹಡಿಗೆ ಬಂದರು. ಆ ಕಟ್ಟಡಕ್ಕೆ ಆಗಲೂ ಲಿಫ್ಟ್ ಇರಲಿಲ್ಲ, ಈಗಲೂ ಇಲ್ಲ. ಗಂಡುಮಕ್ಕಳಿಬ್ಬರು ಹಟ ಹಿಡಿದಾಗ ಕೆಂಪು-ಬಿಳಿ ಬಣ್ಣದ ಮೊದಲ ಆಟದ ಯಂತ್ರ ಕೊಡಿಸಿದ್ದು ಅವರೇ, ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಕಡಾಯಿಗಳನ್ನು ಉಜ್ಜಿ ಗಳಿಸಿದ ಹಣದಿಂದ. ಆಗ ಗಂಡ ಕಜುಮಾಸ, "ಮಕ್ಕಳನ್ನ ಹಾಳು ಮಾಡ್ತೀಯ" ಎಂದು ಗದರಿದ್ದರಂತೆ. ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿದರು. ನೊಬುಕೊ ಪ್ರತಿ ಕ್ಯಾಸೆಟ್ಟನ್ನೂ ಅದರದೇ ರಟ್ಟಿನ ಪೆಟ್ಟಿಗೆಗೆ ಹಾಕಿ, ಆಡುವ ವಿಧಾನದ ಪುಸ್ತಿಕೆಯ ಸಮೇತ ಗೋಡೆ ಬೀರುವಿನಲ್ಲಿ ಎತ್ತಿಟ್ಟರು. ಇವಕ್ಕೆಲ್ಲ ಬೆಲೆಯಿದೆ ಎಂದು ಟಿವಿಯಲ್ಲಿ ತೋರಿಸಿದ ದಿನ ಅವು ಕಜುಮಾಸ ಅವರ ಸಂಗ್ರಹವಾದವು.

ನಿವೃತ್ತರಾದ ಮೇಲೆ ಆ ಮನುಷ್ಯ ಇನ್ನಷ್ಟು ಕೊಂಡರು. ದಕ್ಷಿಣದ ಕೋಣೆಯ ತುಂಬ ಕಪಾಟು ನಿಲ್ಲಿಸಿದರು. ಬಿಸಿಲು ಬಿದ್ದರೆ ಯಂತ್ರಗಳ ಪ್ಲಾಸ್ಟಿಕ್ ಹಳದಿಯಾಗುತ್ತದೆಂದು ಬಾಲ್ಕನಿಯ ಬಾಗಿಲಿಗೆ ಎರಡು ಪದರದ ಕಪ್ಪು ಪರದೆ ಬಿಟ್ಟು, ಅಂಚಿಗೆಲ್ಲ ಟೇಪು ಹಚ್ಚಿದರು. ಆ ಮನೆಯ ಬಾಲ್ಕನಿಗೆ ಇರುವುದು ಅದೊಂದೇ ಬಾಗಿಲು. ಅಂದಿನಿಂದ ಒಗೆದ ಬಟ್ಟೆ ಬಚ್ಚಲಲ್ಲಿ ಒಣಗತೊಡಗಿತು. ಹಾಸಿಗೆಗಳನ್ನು ನೊಬುಕೊ ಬೆನ್ನ ಮೇಲೆ ಹೊತ್ತು ನಾಲ್ಕು ಮಹಡಿ ಇಳಿದು, ಅಂಗಳದ ಕಂಬಿಯ ಮೇಲೆ ಹಾಕಿ, ಸಂಜೆ ಮತ್ತೆ ಹತ್ತಿಸುತ್ತಿದ್ದರು. ಗಂಡನ ಹಾಸಿಗೆಯನ್ನೂ.

ಕಜುಮಾಸ ಏನನ್ನೂ ಮಾರುವವರಲ್ಲ. ಆದರೂ ವರ್ಷಕ್ಕೊಮ್ಮೆ ನಮ್ಮ ಅಂಗಡಿಯವರನ್ನು ಕರೆಸಿ ಬೆಲೆ ಕಟ್ಟಿಸುತ್ತಾರೆ, ಕೇಳಿ ಸಂತೋಷಪಡಲಿಕ್ಕೆ. ಕಳೆದ ವಸಂತದಲ್ಲಿ ಆ ಕೆಲಸಕ್ಕೆ ನಾನು ಹೋದೆ.

"ಏ ಅಮ್ಮಾ, ಟೀ!" ಎಂದರು. ಮಕ್ಕಳು ಮನೆ ಬಿಟ್ಟು ಎಷ್ಟೋ ಕಾಲವಾದರೂ ಇಲ್ಲಿ ಗಂಡನಿಗೆ ಹೆಂಡತಿ ಅಮ್ಮನೇ, ಹೆಂಡತಿಗೆ ಗಂಡ ಅಪ್ಪನೇ. "ಹಬೆ ಆಡೋ ಲೋಟ ಒಳಗೆ ತರಬೇಡ, ಬಾಗಿಲಲ್ಲೇ ಇಡು."

ಆಮೇಲೆ ನನ್ನ ಕಡೆ ತಿರುಗಿದರು. "ನೋಡಿ ಹೊರಿಕಾವಾ-ಸಾನ್, ಈ ಬಿಳುಪು ನೋಡಿ. ಬೇರೆಯವರ ಮನೇಲಿ ಕಾಮಾಲೆ ಬಂದ ಹಾಗೆ ಕೂತಿರುತ್ತೆ. ನಾನು ಒಂದು ಕಿರಣ ಒಳಗೆ ಬಿಟ್ಟಿಲ್ಲ. ಕತ್ತಲೇ ಗುಟ್ಟು."

ನಾನು ಕೈಗವಸು ಹಾಕಿಕೊಂಡು ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಮೂಲೆ ಮುಕ್ಕಾಗಿಲ್ಲ, ಬೂಷ್ಟಿನ ವಾಸನೆಯಿಲ್ಲ. ಒಸಾಕಾದ ಮಳೆಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪ್ರತಿ ಪೆಟ್ಟಿಗೆಯ ತಳದಲ್ಲೂ ತೇವ ಹೀರುವ ಪುಟ್ಟ ಪೊಟ್ಟಣವಿತ್ತು, ಸೆನ್ಬೆ ಬಿಸ್ಕತ್ತಿನ ಡಬ್ಬಿಯಲ್ಲಿ ಬರುವಂಥದ್ದು.

"ಇದನ್ನ ಇಟ್ಟಿದ್ದು ಯಾರು?"

"ಸಂಗ್ರಹ ಅಂದ್ಮೇಲೆ ಇಂಥ ಸಣ್ಣಪುಟ್ಟದ್ದನ್ನೂ ನೋಡ್ಕೋಬೇಕಲ್ವಾ" ಎಂದರು ಕಜುಮಾಸ, ಗಂಟಲು ಸರಿಮಾಡಿಕೊಂಡು.

ಬಾಗಿಲಲ್ಲಿ ನೊಬುಕೊ ನಕ್ಕುಬಿಟ್ಟರು. "ಅಪ್ಪಾ, ಸೆನ್ಬೆ ತಿಂದ ಖಾಲಿ ಡಬ್ಬಿ ಎಲ್ಲಿ ಹಾಕ್ಬೇಕು ಅನ್ನೋದೇ ನಿಮಗೆ ಗೊತ್ತಿಲ್ಲ. ಪೊಟ್ಟಣ ಎತ್ತಿಟ್ರಂತೆ!"

ಬಾಗಿಲ ಚೌಕಟ್ಟು ಹಿಡಿದುಕೊಂಡು ಟೀ ತಟ್ಟೆ ಕೆಳಗಿಟ್ಟರು. ಮೊಣಕಾಲು ಬಾತಿತ್ತು.

"ಮೆಟ್ಟಿಲು ಹತ್ತೋದು ಬಿಡಿ ಅಂದಿದ್ದಾರೆ ಡಾಕ್ಟರು. ಹೊರಗಿನವರ ಮುಂದೆ ಕೇಳ್ತಿದ್ದೀನಿ. ಹಾಸಿಗೆ ಒಣಗಿಸೋಕೆ ನನಗೆ ಈ ಬಾಗಿಲು ಬೇಕು."

"ಶುರು ಮಾಡಿದ್ಳು. ಹಾಸಿಗೆ ಒಣಗಿಸೋ ಯಂತ್ರ ಕೊಡಿಸ್ತೀನಿ ಅಂದ್ನಲ್ಲ?"

"ಅಂತಾನೇ ಇದ್ದೀರಿ. ಅಷ್ಟರಲ್ಲಿ ಆಟದ ಯಂತ್ರ ಎಷ್ಟು ಬಂತು?"

"ಇದು ಆಸ್ತಿ ಕಣೇ! ಬಿಸಿಲು ಬಿದ್ರೆ ಬೆಲೆ ಬೀಳುತ್ತೋ ಇಲ್ವೋ, ನೀವೇ ಹೇಳಿ ಹೊರಿಕಾವಾ-ಸಾನ್."

"ನೇರ ಬಿಸಿಲು ಬಿದ್ರೆ ಬೀಳುತ್ತೆ" ಎಂದೆ. "ಆದ್ರೆ ಗಾಳಿ ಆಡದೆ ಇದ್ದಿದ್ರೆ ಈ ರಟ್ಟೆಲ್ಲ ಎಂದೋ ಕೊಳೆತು ಹೋಗ್ತಿತ್ತು. ಈ ಕೋಣೆಗೆ ಗಾಳಿ ಬಂದಿದೆ."

"ಎಲ್ಲಿಂದ ಬರುತ್ತೆ?"

"ನಾನು ಬಿಟ್ಟಿದ್ದು" ಎಂದರು ನೊಬುಕೊ.

ಪ್ರತಿ ಶರತ್ಕಾಲದಲ್ಲಿ ಗಂಡ ಹಳೆಯ ಸಹೋದ್ಯೋಗಿಗಳ ಜೊತೆ ಬಿಸಿನೀರಿನ ಬುಗ್ಗೆಗೆ ಹೋದಾಗ ಅವರು ಟೇಪು ಕಿತ್ತು ಬಾಗಿಲು ತೆರೆಯುತ್ತಿದ್ದರು. ಮಕ್ಕಳ ಹಳೆಯ ಪೈಜಾಮ ಕತ್ತರಿಸಿ ಹೊಲಿದ ಹೊದಿಕೆಗಳನ್ನು ಯಂತ್ರಗಳಿಗೆ ಹೊದಿಸಿ, ಕಿಮೊನೊಗಳಿಗೆ ವರ್ಷಕ್ಕೊಮ್ಮೆ ಗಾಳಿ ತೋರಿಸುವ ಹಾಗೆ ಪೆಟ್ಟಿಗೆ, ಪುಸ್ತಿಕೆಗಳನ್ನು ನೆರಳಲ್ಲಿ ಹರಡುತ್ತಿದ್ದರು. ಗಂಡ ವಾಪಸು ಬರುವಷ್ಟರಲ್ಲಿ ಹೊಸ ಟೇಪು ಅಂಟಿರುತ್ತಿತ್ತು.

ಕಜುಮಾಸ ಅವರ ಮುಖ ಕೆಂಪೇರಿತು. "ನನ್ನನ್ನ ಕೇಳದೆ ಬಾಗಿಲು ತೆಗೆದ್ಯಾ? ಕಳ್ಳಿ!"

ಆ ಮನೆಯ ಅನ್ನ ಬೇಯಿಸಿದವರಿಗೆ, ಆ ಯಂತ್ರದ ಹಣ ತೆತ್ತವರಿಗೆ, ಆ ಮಾತು. ಬೆಲೆ ಕಟ್ಟುವವರು ಮನೆಯವರ ಜಗಳದಲ್ಲಿ ಬಾಯಿ ಹಾಕಬಾರದೆನ್ನುವುದು ನಮ್ಮ ಅಂಗಡಿಯ ನಿಯಮ.

ನೊಬುಕೊ ಮಾತ್ರ ದನಿ ಏರಿಸಲಿಲ್ಲ. "ಹೌದು, ಕದ್ದೆ. ನನ್ನ ಮನೆ ಬಿಸಿಲನ್ನೇ ನಾನು ಕದಿಯೋ ಹಾಗಾಯ್ತು. ಇನ್ನು ಕದಿಯಲ್ಲ."

ಕುಂಟುತ್ತ ಹೋಗಿ ಟೇಪಿನ ತುದಿ ಹಿಡಿದು ಎಳೆದರು. ಬಾಗಿಲಿಗೆ ಅಡ್ಡ ನಿಂತಿದ್ದ ಕಪಾಟಿಗೆ ಗಾಲಿಯಿತ್ತು, ಆದರೂ ಬಾತ ಮೊಣಕಾಲಿನಿಂದಾಗಿ ಈ ಸಲ ಅವರ ಕೈಗೆ ಜಗ್ಗಲಿಲ್ಲ. ನಾನು ಕೈಗವಸು ಬಿಚ್ಚಿಟ್ಟು ಭುಜ ಕೊಟ್ಟೆ. ಬೆಳಕು ನುಗ್ಗಿತು. ಕಜುಮಾಸ ಎರಡೂ ತೋಳು ಚಾಚಿ ಕೆಂಪು-ಬಿಳಿ ಯಂತ್ರಕ್ಕೆ ಅಡ್ಡ ನಿಂತು, "ಅಮ್ಮಾ, ಹೊದಿಕೆ! ಹೊದಿಕೆ!" ಎಂದು ಕೂಗಿದರು.

"ಕೆಳಗಿನ ಡ್ರಾಯರಲ್ಲಿದೆ. ನೀವೇ ಹೊದಿಸ್ಕೊಳ್ಳಿ" ಎಂದು ಹೇಳಿ ನೊಬುಕೊ ಹಾಸಿಗೆ ತರಲು ಹೋದರು. ಬಾಲ್ಕನಿಯ ಕಂಬಿಯ ಮೇಲೆ ಅದನ್ನು ಹರಡಿ, ಬಿದಿರಿನ ಬಡಿಗೆಯಿಂದ ಅವರು ಬಡಿದ ರಭಸಕ್ಕೆ ಕೆಳಗಿನ ಮಹಡಿಯವರು ತಲೆಯೆತ್ತಿ ನೋಡಿದರು.

ಬೆಲೆ ಕಟ್ಟಲು ಬಂದಿದ್ದ ಆ ಹೆಂಗಸನ್ನು ಇನ್ನು ಕಳಿಸಬೇಡಿ ಎಂದು ಕಜುಮಾಸ ಅಂಗಡಿಗೆ ಫೋನು ಮಾಡಿದರು. ಈ ವರ್ಷ ಹೋಗಿಬಂದ ಸಹೋದ್ಯೋಗಿ ಹೇಳಿದ: "ಒಳ್ಳೇ ಉಪಾಯ ಮಾಡಿದ್ದಾರೆ ಮುದುಕಪ್ಪ. ಬಾಗಿಲು ತೆಗೆದಿಟ್ಟು, ಯಂತ್ರಗಳಿಗೆ ಬಟ್ಟೆ ಹೊದಿಸಿ ಗಾಳಿ ಕೊಡ್ತಾರೆ. ಅವರೇ ಕಂಡುಹಿಡಿದಿದ್ದಂತೆ."

ನನಗೆ ತಡೆಯಲಾಗದೆ ನೊಬುಕೊಗೆ ಫೋನು ಮಾಡಿದೆ. "ಹೇಳ್ಕೊಳ್ಳಲಿ ಬಿಡಿ," ಎಂದರು. "ಹಾಸಿಗೆ ಬೆಚ್ಚಗಿದೆ."

ಅವರಿಗೆ ಅಷ್ಟು ಸಾಕಾಗಿರಬಹುದು. ನನಗೆ ಸಾಲದು. ಈಗ ಯಾವನಾದರೂ ಕೌಂಟರಿಗೆ ಮೊಣಕೈ ಊರಿ "ಅಮ್ಮ ಎಸೆದುಬಿಟ್ಟಳು" ಎಂದು ನಕ್ಕರೆ ಕೇಳುತ್ತೇನೆ: "ಕೊಡಿಸಿದ್ದು ಯಾರು?"