ಲಿಫ್ಟಿಲ್ಲದ ಬಾಗಿಲು

ಕಳೆದ ವರ್ಷದ ಮಾರ್ಚ್ ಹದಿನಾಲ್ಕನೆಯ ತಾರೀಕಿನಂದು, ಲಿಫ್ಟ್ ತಯಾರಿಸುವ ಕಂಪನಿಯೊಂದರ ಎರಡನೆಯ ಮಹಡಿಯಲ್ಲಿ ಬಹುಕಾಲದಿಂದ ನಿಂತಿದ್ದ ಬಾಗಿಲೊಂದನ್ನು ಬುಡಸಮೇತ ಕಿತ್ತು ಗೋದಾಮಿಗೆ ಸಾಗಿಸಲಾಯಿತು. ಅದೇ ಮಧ್ಯಾಹ್ನ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಂಡಿತು: ‘ಹಳೆಯ ಪರೀಕ್ಷಾ ಸಾಧನದಿಂದಲೂ ಅದನ್ನು ರಚಿಸಿದವರ ಅನಗತ್ಯ ಹಟದಿಂದಲೂ ಕೆಲಸ ವಿಳಂಬವಾಗುತ್ತಿರುವ ಕಾರಣ ಸದರಿ ಸಾಧನವನ್ನು ಕೈಬಿಡಲಾಗಿದೆ.’ ರಚಿಸಿದವರು ಯಾರೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ; ಆ ಮಹಡಿಯಲ್ಲಿ ಅದನ್ನು ತಿಳಿಯದವರಿರಲಿಲ್ಲ. ಆಕೆ ನನ್ನ ಸೊಸೆ.

ಮಾವನಾದವನು ಸೊಸೆಯ ಪರವಾಗಿ ವಕಾಲತ್ತು ವಹಿಸಿದರೆ ಲೋಕ ಒಂದು ಹುಬ್ಬು ಏರಿಸುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆ ಕಚೇರಿಯೊಳಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಸೊಸೆ ಹೇಳಿದ್ದನ್ನು ಅಲ್ಲಿನ ಫಿಟ್ಟರ್ ಹೇಳಿದ್ದರೊಂದಿಗೂ, ಎದುರು ಪಕ್ಷದವನೆನ್ನಬಹುದಾದ ಒಬ್ಬ ಪ್ರೋಗ್ರಾಮರ್ ಹೇಳಿದ್ದರೊಂದಿಗೂ ಹೋಲಿಸಿ, ಮೂವರ ಮಾತೂ ಕೂಡಿದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ಮನೆಯೊಳಗಿನದಕ್ಕೆ ನಾನೇ ಸಾಕ್ಷಿ.

ಅವಳು ನಮ್ಮ ಮನೆಗೆ ಬಂದಾಗ ಅದೇ ಕಂಪನಿಯಲ್ಲಿ ದುರಸ್ತಿ ಎಂಜಿನಿಯರ್ ಆಗಿದ್ದಳು. ಎಲ್ಲಿಯಾದರೂ ಲಿಫ್ಟ್ ನಿಂತಿತೆಂದು ಫೋನ್ ಬಂದರೆ ಸಲಕರಣೆಗಳ ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಿದ್ದಳು. ಹೊಸ ಸೊಸೆಯ ಉಗುರುಗಳಲ್ಲಿ ಗ್ರೀಸ್ ಕಂಡು ನನ್ನ ಹೆಂಡತಿ ಎರಡು ದಿನ ಸಪ್ಪಗಿದ್ದಳು. ಮೂರನೆಯ ದಿನ ಬಚ್ಚಲಿನಲ್ಲಿ ಅವಳಿಗೆಂದೇ ಒಂದು ಬಟ್ಟಲು ಸೀಮೆಎಣ್ಣೆ ಇಟ್ಟಳು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನನಗಾಗಲಿ ನನ್ನ ಮಗನಿಗಾಗಲಿ ಪ್ರವೇಶವಿರಲಿಲ್ಲ.

“ಜನ ಹೆದರೋದು ಹಗ್ಗ ಕಡಿದು ಬೀಳುತ್ತೆ ಅಂತ, ಮಾವ,” ಎಂದು ಅವಳು ಒಮ್ಮೆ ನನಗೆ ವಿವರಿಸಿದಳು. “ಹಗ್ಗ ಪಾಪ, ಸಾಧು ಪ್ರಾಣಿ. ಕಾಟ ಕೊಡೋದೆಲ್ಲ ಬಾಗಿಲೇ.”

ಆ ದಿನಗಳಲ್ಲೇ ಒಂದು ಆಸ್ಪತ್ರೆಯಿಂದ ದೂರು ಬಂದಿತ್ತು: ಲಿಫ್ಟಿನ ಬಾಗಿಲು ಮುಚ್ಚುತ್ತಲೇ ಇಲ್ಲ. ಅವಳು ಹೋಗಿ ನೋಡಿದರೆ ರೋಗಿ ತಳ್ಳುಮಂಚದ ಮೇಲೆ ಲಿಫ್ಟಿನ ಒಳಗೆ, ಸಲೈನ್ ಬಾಟಲಿ ಹಿಡಿದ ಸಹಾಯಕ ಹೊರಗೆ; ನಡುವೆ ಬಾಗಿಲಿಗೆ ಅಡ್ಡಲಾಗಿ ದಾರದಂತೆ ತೂಗಾಡುವ ನಳಿಕೆ. ಬಾಗಿಲು ಅರ್ಧ ಮುಚ್ಚುತ್ತಿತ್ತು, ನಳಿಕೆಯನ್ನು ಕಂಡು ಮತ್ತೆ ತೆರೆಯುತ್ತಿತ್ತು. ಎಲ್ಲರೂ ಬಾಗಿಲನ್ನು ಬೈಯುತ್ತಿದ್ದರು. “ಆ ಬಾಗಿಲಿಗೆ ಬಹುಮಾನ ಕೊಡಬೇಕಿತ್ತು,” ಎಂದಳು ಮನೆಗೆ ಬಂದು.

ಬಸುರಿಯಾದಾಗ ವೈದ್ಯರು ಏಣಿ ಹತ್ತಬಾರದೆಂದರು. ಕಂಪನಿ ಅವಳನ್ನು ಎರಡನೆಯ ಮಹಡಿಯಲ್ಲಿ ಒಂದು ಮೇಜಿನ ಹಿಂದೆ ಕೂರಿಸಿತು. ಸುಮ್ಮನೆ ಕೂರುವುದು ಅವಳ ಜಾತಕದಲ್ಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನ್ನ ಮಗನ ಹಳೆಯ ಕಂಪ್ಯೂಟರನ್ನು ನಮ್ಮ ಊಟದ ಮೇಜಿನ ಮೇಲಿಟ್ಟುಕೊಂಡು ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ನಾವು ಮೂವರೂ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತೆವು. ಮಗು ಹುಟ್ಟಿ ಅವಳು ಮರಳಿ ಕೆಲಸಕ್ಕೆ ಹೋಗುವ ಹೊತ್ತಿಗೆ ಅವಳ ಸಾಧನದ ಮೊದಲ ರೂಪ ಸಿದ್ಧವಾಗಿತ್ತು.

ಆ ಸಾಧನ ಮಾಡುತ್ತಿದ್ದುದು ಇಷ್ಟು. ಕಚೇರಿಯ ನಟ್ಟನಡುವೆ ನಿಜವಾದ ಒಂದು ಲಿಫ್ಟ್ ಬಾಗಿಲನ್ನು ನಿಲ್ಲಿಸಲಾಯಿತು. ಅದರ ಹಿಂದೆ ಲಿಫ್ಟ್ ಇರಲಿಲ್ಲ, ಆಚೆ ಬದಿಯ ಕುರ್ಚಿಗಳಷ್ಟೇ ಇದ್ದವು. ಬಾಗಿಲನ್ನು ನಡೆಸಲು ಯಾರಾದರೂ ಹೊಸ ಪ್ರೋಗ್ರಾಮ್ ಬರೆದರೆ, ಸೊಸೆಯ ಸಾಧನ ಅದನ್ನು ಆ ಬಾಗಿಲಿಗೆ ತುಂಬಿ, ಪುಟ್ಟ ಮೋಟಾರುಗಳ ಸಹಾಯದಿಂದ ಜನ ಬಾಗಿಲಿಗೆ ಅಡ್ಡ ತರುವುದನ್ನೆಲ್ಲ ತಾನೂ ಅಡ್ಡ ತರುತ್ತಿತ್ತು: ಚೆಂಡು, ಕೋಲು, ಕೊಡೆ, ಬಟ್ಟೆಯ ಅಂಚು, ತೂಗಾಡುವ ನಳಿಕೆ. ಎಲ್ಲದರಲ್ಲೂ ತಪ್ಪು ಹುಡುಕುತ್ತಿತ್ತು. ಬೇಸತ್ತ ಪ್ರೋಗ್ರಾಮರುಗಳು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟರು.

ಈ ಸಂಗತಿ ನಮ್ಮ ಮನೆಯಲ್ಲಿ ತಿಳಿದ ದಿನ ನನಗೆ ಚೆನ್ನಾಗಿ ನೆನಪಿದೆ.

“ನನ್ನ ಮೇಲಿನ ಸಿಟ್ಟಿಗೆ ಇಟ್ಟಿದ್ದೇನಮ್ಮ?” ಎಂದಳು ನನ್ನ ಹೆಂಡತಿ, ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು.

“ಅಯ್ಯೋ, ನಾನಿಟ್ಟಿದ್ದಲ್ಲ ಅತ್ತೆ! ಅವರವರ ಮನೆ ಅತ್ತೇರನ್ನ ನೆನಸ್ಕೊಂಡು ಅವರೇ ಇಟ್ಟಿದ್ದು.”

“ಅದು ದಿನಕ್ಕೆ ಎಷ್ಟು ತಪ್ಪು ಹುಡುಕುತ್ತೆ?”

“ಏನಿಲ್ಲ ಅಂದ್ರೂ ಹತ್ತು ಹನ್ನೆರಡು.”

“ಅಷ್ಟೇನಾ?” ಎಂದಳು ನನ್ನ ಹೆಂಡತಿ. “ಇನ್ನೂ ಎಳೆ ಅತ್ತೆ.”

‘ಅತ್ತೆ’ ಒಪ್ಪಿದ ಮೇಲೂ ಒಂದು ಪದ್ಧತಿ ಉಳಿದಿರುತ್ತಿತ್ತು. ಪ್ರೋಗ್ರಾಮ್ ಬರೆದವರು ಸ್ವತಃ ಬಂದು, ಮುಚ್ಚುತ್ತಿರುವ ಆ ಬಾಗಿಲಿನ ನಡುವೆ ನಿಲ್ಲಬೇಕು. ಇದಕ್ಕೆ ಅವರು ಸರಳವಾಗಿ ‘ನಿಲ್ಲುವುದು’ ಎನ್ನುತ್ತಿದ್ದರು. “ನಿಂತಾಯ್ತಾ?” ಎಂದು ಕೇಳಿದರೆ ಕೆಲಸ ಮುಗಿಯಿತೇ ಎಂದೇ ಅರ್ಥ. ಈ ಪದ್ಧತಿಯನ್ನು ಯಾರೂ ಆದೇಶಿಸಿರಲಿಲ್ಲ. ತಾನು ಬರೆದದ್ದರ ನಡುವೆ ತಾನೇ ನಿಲ್ಲಬೇಕೆಂದು ತಿಳಿದವನು ಬರೆಯುವಾಗಲೇ ಹದ್ದುಬಸ್ತಿನಲ್ಲಿರುತ್ತಾನೆ, ಅಷ್ಟೆ.

ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥರಿಗೆ ಇದು ಸರಿಬೀಳಲಿಲ್ಲ. ಅವರು ಒರಟು ಮನುಷ್ಯರಲ್ಲ. ಎಂದೂ ದನಿ ಎತ್ತಿ ಮಾತಾಡಿದವರಲ್ಲ. “ಲಿಫ್ಟ್ ಮಾಡೋದಕ್ಕಿಂತ ಅದನ್ನ ಪರೀಕ್ಷೆ ಮಾಡೋದಕ್ಕೇ ಹೆಚ್ಚು ಹೊತ್ತು ಹೋದ್ರೆ ಹೇಗಮ್ಮ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ,” ಎಂದು ನಗುತ್ತಲೇ ಹೇಳಿದರಂತೆ. ನಗುತ್ತಲೇ ಬಾಗಿಲನ್ನು ಕೀಳಿಸಿದರು. ಅದರ ಬದಲಿಗೆ ಕಂಪ್ಯೂಟರಿನೊಳಗೇ ಒಂದು ಕಲ್ಪಿತ ಬಾಗಿಲನ್ನು ರಚಿಸಿ, ಪರೀಕ್ಷೆಯನ್ನೆಲ್ಲ ಅದರ ಮೇಲೆ ನಡೆಸಬೇಕೆಂದು ತೀರ್ಮಾನವಾಯಿತು. ಆ ಕೆಲಸ ‘ಬಿರುಗಾಳಿ’ಯ ಪಾಲಿಗೆ ಬಿತ್ತು. ಬೆರಳುಗಳ ವೇಗದಿಂದ ಆ ಹೆಸರು ಪಡೆದಿದ್ದ ಅನುಭವಿ ಪ್ರೋಗ್ರಾಮರ್ ಅವನು. ಮೇಲೆ ನಾನು ಹೇಳಿದ ಎದುರು ಪಕ್ಷದವನೂ ಅವನೇ.

ಇಲ್ಲಿ ನಡೆದ ತಪ್ಪನ್ನು ಓದುಗರು ಸ್ಪಷ್ಟವಾಗಿ ತಿಳಿಯಬೇಕು. ಲಿಫ್ಟ್ ಬಾಗಿಲಿನ ಅಂಚುಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಹಾಯುತ್ತವೆ. ಏನಾದರೂ ಅಡ್ಡ ಬಂದು ಗೆರೆ ಕಡಿದರೆ ಬಾಗಿಲು ಮತ್ತೆ ತೆರೆಯುತ್ತದೆ. ಧೂಳಿನ ಕಣಕ್ಕೂ ಹಾರುವ ಹುಳುವಿಗೂ ತೆರೆಯುತ್ತಿದ್ದುದರಿಂದ, ಕ್ಷಣಮಾತ್ರದ ಅಡಚಣೆಗಳನ್ನು ಗಣನೆಗೆ ತೆಗೆದುಕೊಳ್ಳಬಾರದೆಂದು ಬಿರುಗಾಳಿ ಹೊಸ ಪ್ರೋಗ್ರಾಮಿನಲ್ಲಿ ಬರೆದ. ಅಡ್ಡ ಬರುವ ವಸ್ತು ಯಾವುದಿದ್ದರೂ ಒಂದೆಡೆ ಗಟ್ಟಿಯಾಗಿ ನಿಂತಿರುತ್ತದೆಂಬುದು ಅವನ ಊಹೆ. ಕಲ್ಪಿತ ಬಾಗಿಲನ್ನು ರಚಿಸುವಾಗಲೂ ತಲೆಯಲ್ಲಿದ್ದುದು ಅದೇ ಊಹೆ. ಆದ್ದರಿಂದ ಅಲ್ಲಿಯ ಅಡಚಣೆಗಳೆಲ್ಲ ಕಲ್ಲುಕಂಬದಂತೆ ನಿಂತವು. ಪ್ರಶ್ನೆಪತ್ರಿಕೆ ಬರೆದವನೇ ಉತ್ತರ ಬರೆದರೆ ನಪಾಸಾಗುವುದೆಂತು? ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದವನು. ತಕ್ಕಡಿ ಮಾಡಿದವನು ತಾನೇ ತಂದ ತೂಕದ ಬಟ್ಟುಗಳಿಂದ ಆ ತಕ್ಕಡಿಯನ್ನು ಪರೀಕ್ಷಿಸಕೂಡದೆಂಬುದು ಅಲ್ಲಿ ಮೊದಲ ಪಾಠ. ಬಿರುಗಾಳಿಯಲ್ಲಿ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದಷ್ಟೇ ಹೇಳುತ್ತೇನೆ.

ಈ ಹೊಸ ಪ್ರೋಗ್ರಾಮ್ ಹೋಗಬೇಕಾಗಿದ್ದುದು ಒಂದು ದೊಡ್ಡ ಆಸ್ಪತ್ರೆಯ ಲಿಫ್ಟುಗಳಿಗೆ. ಕಳಿಸುವ ಮುನ್ನ ಪರೀಕ್ಷಾ ಅಧಿಕಾರಿಯಾಗಿ ನನ್ನ ಸೊಸೆ ಸಹಿ ಹಾಕಬೇಕಿತ್ತು. ಅವಳು ಹಾಕಲಿಲ್ಲ. ಶುಕ್ರವಾರದೊಳಗೆ ಸಹಿಯಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಮುಖ್ಯಸ್ಥರು ಮೆಲ್ಲಗೆ ತಿಳಿಸಿದರು.

ಗುರುವಾರ ಸಂಜೆ ನಮ್ಮ ಊಟದ ಮೇಜಿನ ಸುತ್ತ ಯಾರಿಗೂ ಅನ್ನ ಸೇರಲಿಲ್ಲ.

“ತಪ್ಪಿದೆ ಅಂತ ತೋರಿಸೋಕೆ ನಿನ್ನ ಹತ್ರ ಏನಿದೆ?” ಎಂದು ಕೇಳಿದ ನನ್ನ ಮಗ.

“ಏನೂ ಇಲ್ಲ. ಬಾಗಿಲಿದ್ದಿದ್ರೆ ತೋರಿಸ್ತಿದ್ದೆ. ತಪ್ಪಿರಲಿಕ್ಕಿಲ್ಲವೇನೋ. ನೋಡದೆ ಹೇಗೆ ಹೇಳಲಿ?”

“ನೋಡದೆ ಸಹಿ ಹಾಕಬೇಡ,” ಎಂದಳು ನನ್ನ ಹೆಂಡತಿ. “ಕೆಲಸ ಹೋದ್ರೆ ಹೋಗ್ಲಿ. ಮನೇಲಿ ತಪ್ಪು ಹುಡುಕೋಕೆ ನಾನೊಬ್ಬಳೇ ಸಾಲ್ತಾ ಇಲ್ಲ, ನೀನೂ ಸೇರ್ಕೊ.”

ಸೊಸೆ ನಕ್ಕಳು; ಆದರೆ ಅವಳ ಕಣ್ಣುಗಳು ತುಂಬಿದ್ದವು. ಅವಳ ಸಂಕಟ ಕೆಲಸದ್ದಷ್ಟೇ ಆಗಿರಲಿಲ್ಲ. ಅವಳು ಹೊರಬಿದ್ದರೆ ಮರುದಿನವೇ ಇನ್ನೊಬ್ಬರು ಸಹಿ ಹಾಕುವರು. ಪ್ರೋಗ್ರಾಮ್ ಆಸ್ಪತ್ರೆಗೆ ಹೋಗಿಯೇ ಹೋಗುವುದು.

ಶುಕ್ರವಾರ ಬೆಳಿಗ್ಗೆ ಅವಳು ವಾದಕ್ಕೆ ಹೋಗಲಿಲ್ಲ. ನೇರವಾಗಿ ಬಿರುಗಾಳಿಯ ಮೇಜಿನ ಬಳಿ ಹೋಗಿ ನಿಂತಳು.

“ಒಂದು ಸಲ ನಿಂತುಬಿಡಿ. ನಿಂತ್ರೆ ಸಹಿ ಹಾಕ್ತೀನಿ.”

“ಇಷ್ಟೇನಾ ತಾಯಿ? ಒಂದಲ್ಲ, ಹತ್ತು ಸಲ ನಿಲ್ತೀನಿ! ಬಾಗಿಲೆಲ್ಲಿ?”

ಬಾಗಿಲು ಗೋದಾಮಿನಲ್ಲಿ ಖಾಲಿ ಪೆಟ್ಟಿಗೆಗಳ ಹಿಂದೆ ಇತ್ತು. “ಶಾಸ್ತ್ರಕ್ಕೆ ಒಂದ್ಸಲ ಆಗಿಹೋಗ್ಲಿ,” ಎಂದು ಮುಖ್ಯಸ್ಥರೂ ಒಪ್ಪಿದರು. ಅವರಿಗೆ ಸಹಿ ಮುಖ್ಯವಾಗಿತ್ತು. ಸೊಸೆಯೂ ಫಿಟ್ಟರೂ ಸೇರಿ ಗೋದಾಮಿನಲ್ಲೇ ಬಾಗಿಲನ್ನು ಎತ್ತಿ ನಿಲ್ಲಿಸಿ ತಂತಿಗಳನ್ನು ಜೋಡಿಸಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿಯೇ ಅಲ್ಲಿಗೆ ಇಳಿದುಬಂದಿತ್ತು.

ಬಿರುಗಾಳಿ ಎದೆಯುಬ್ಬಿಸಿ ಬಾಗಿಲ ನಡುವೆ ನಿಂತ. ಬಾಗಿಲು ಅವನತ್ತ ಬಂದು, ಮರ್ಯಾದೆಯಿಂದ ಹಿಂದೆ ಸರಿಯಿತು. ಚಪ್ಪಾಳೆ ಬಿತ್ತು. ಮುಖ್ಯಸ್ಥರು ಜೇಬಿನಿಂದ ಪೆನ್ನು ತೆಗೆದರು.

“ಇದು ಆಸ್ಪತ್ರೆಯ ಲಿಫ್ಟು, ಸರ್,” ಎಂದಳು ಸೊಸೆ, ಬಿರುಗಾಳಿಯತ್ತ ತಿರುಗಿ. “ಅಲ್ಲಿ ಜನ ಹೀಗೆ ಎದೆಯುಬ್ಬಿಸ್ಕೊಂಡು ಬರಲ್ಲ. ಕೂತ್ಕೊಳ್ಳಿ.”

ಗಾಲಿ ಕುರ್ಚಿಯೊಂದನ್ನು ತಂದು ಅವನನ್ನು ಕೂರಿಸಿದರು. ಒಂದು ನಳಿಕೆಯ ತುದಿಯನ್ನು ಅವನ ಮುಂಗೈಗೆ ಕಟ್ಟಿ, ಇನ್ನೊಂದು ತುದಿಗೆ ನೀರಿನ ಬಾಟಲಿ ಸಿಕ್ಕಿಸಿ ಫಿಟ್ಟರನ ಕೈಗೆ ಕೊಟ್ಟಳು.

“ರೋಗಿಗೆ ಏನು ಕಾಯಿಲೆ?” ಎಂದು ಯಾರೋ ಕೂಗಿದರು.

“ಆತುರ,” ಎಂದ ಫಿಟ್ಟರ್. “ಹುಟ್ಟಿನಿಂದಲೇ ಬಂದದ್ದು.”

ಎಲ್ಲರೂ ನಗುತ್ತಿರುವಾಗಲೇ ಕುರ್ಚಿಯನ್ನು ಬಾಗಿಲಿನ ಆಚೆ ತಳ್ಳಲಾಯಿತು. ಫಿಟ್ಟರ್ ಬಾಟಲಿಯನ್ನು ಎತ್ತಿ ಹಿಡಿದು ಈಚೆಯೇ ಉಳಿದ. ನಳಿಕೆ ಬಾಗಿಲಿಗೆ ಅಡ್ಡಲಾಗಿ ತೂಗಾಡಿತು. ಬೆಳಕಿನ ಗೆರೆಗಳನ್ನು ಅದು ಕಡಿಯಿತು, ಬಿಟ್ಟಿತು, ಮತ್ತೆ ಕಡಿಯಿತು. ಬಾಗಿಲು ನಿಲ್ಲಲಿಲ್ಲ. ಮೆತ್ತನೆಯ ನಳಿಕೆಯನ್ನು ಕಚ್ಚಿಕೊಂಡು ಪೂರ್ತಿ ಮುಚ್ಚಿತು. ಪಕ್ಕದ ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ‘ಬಾಗಿಲು ಮುಚ್ಚಿದೆ. ಚಲಿಸಬಹುದು.’

ನಗು ನಿಂತಿತು. ಬಾಗಿಲಿನ ಹಿಂದೆ ಲಿಫ್ಟ್ ಇದ್ದಿದ್ದರೆ ಅದು ರೋಗಿಯೊಂದಿಗೆ ಮೇಲೇರುತ್ತಿತ್ತು. ಬಾಟಲಿ ಕೆಳಗೇ ಉಳಿಯುತ್ತಿತ್ತು. ನಳಿಕೆಯ ಸೂಜಿ ಯಾರದೋ ರಕ್ತನಾಳದಲ್ಲಿರುತ್ತಿತ್ತು.

ಬಾಗಿಲು ತೆರೆದಾಗ ಬಿರುಗಾಳಿ ಕುರ್ಚಿಯಿಂದ ಏಳಲಿಲ್ಲ. ಮುಂಗೈಯ ಗಂಟನ್ನೇ ನೋಡುತ್ತಿದ್ದನಂತೆ. “ನನ್ನಮ್ಮ ವಾರಕ್ಕೊಂದ್ಸಲ ಇಂಥ ಲಿಫ್ಟಲ್ಲೇ ಹೋಗ್ತಾಳೆ ತಾಯಿ,” ಎಂದ. ಆಮೇಲೆ ಮುಖ್ಯಸ್ಥರ ಅಪ್ಪಣೆಗೂ ಕಾಯದೆ ಮೇಲೆ ಹೋಗಿ ತನ್ನ ಪ್ರೋಗ್ರಾಮನ್ನು ತಾನೇ ಹಿಂತೆಗೆದುಕೊಂಡ. ಇದನ್ನು ನನಗೆ ಹೇಳಿದವನೂ ಅವನೇ, ಒಂದಕ್ಷರ ಮುಚ್ಚಿಡಲಿಲ್ಲ. ಅವನ ಬಗ್ಗೆ ನನಗೆ ಈಗ ಗೌರವವಿದೆ.

ಅಂದು ಸಂಜೆ ಸೊಸೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾವು ಹೆದರಿದೆವು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. “ಹೋಗಲಿಲ್ಲ ಮಾವ. ಆಸ್ಪತ್ರೆಗೆ ಹೋಗಲಿಲ್ಲ,” ಎಂದಳು. ಹೋದ ಜೀವ ಬಂದಂತಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಆ ದಿನ ದೊಣ್ಣೆ ತಪ್ಪಿದ್ದು ನಮಗಲ್ಲ, ಎಲ್ಲೋ ಯಾರದೋ ಮನೆಯವರಿಗೆ. ಅವರಿಗೆ ಅದು ಎಂದೂ ತಿಳಿಯುವುದಿಲ್ಲ. ನನ್ನ ಹೆಂಡತಿ ಬಿಸಿ ಅನ್ನ ಬಡಿಸಿದಳು. ನಾಲ್ವರೂ ಎರಡೆರಡು ಸಲ ಬಡಿಸಿಕೊಂಡೆವು.

ಬಾಗಿಲು ಮರಳಿ ಎರಡನೆಯ ಮಹಡಿಗೆ ಬಂದಿದೆ. ಬಿರುಗಾಳಿ ಹೊಸದಾಗಿ ಬರೆದ ಪ್ರೋಗ್ರಾಮ್ ‘ಅತ್ತೆ’ಯ ಕೈಯಲ್ಲಿ ಹಲವು ಸಲ ನಪಾಸಾಗಿ, ಕೊನೆಗೆ ಪಾಸಾಗಿ ಆಸ್ಪತ್ರೆ ಸೇರಿದೆ. ಸೊಸೆ ತನ್ನ ಜಾಗದಲ್ಲೇ ಇದ್ದಾಳೆ, ನೆಮ್ಮದಿಯಾಗಿದ್ದಾಳೆ. ಇನ್ನೇತಕ್ಕೆ ತಕರಾರು ಎಂದು ಅವಳೇ ನನ್ನನ್ನು ಕೇಳುತ್ತಾಳೆ.

ತಕರಾರು ಇದಕ್ಕೆ: ಕಂಪನಿಯ ವಾರ್ಷಿಕ ಸಂಚಿಕೆಯಲ್ಲಿ, ‘ನಮ್ಮ ನೂತನ ಪರೀಕ್ಷಾ ವ್ಯವಸ್ಥೆಯು ಗಂಭೀರ ದೋಷವೊಂದನ್ನು ಸಕಾಲದಲ್ಲಿ ಪತ್ತೆಹಚ್ಚಿತು’ ಎಂದು ಅಚ್ಚಾಗಿದೆ. ಇದು ಸುಳ್ಳು. ನೂತನ ವ್ಯವಸ್ಥೆಯು ಆ ದೋಷವನ್ನು ಪಾಸು ಮಾಡಿತ್ತು. ಪತ್ತೆಹಚ್ಚಿದವಳು, ಕಂಪನಿಯ ಫಲಕದಲ್ಲಿ ಹಟಮಾರಿ ಎನಿಸಿಕೊಂಡವಳು.

ಆದ್ದರಿಂದ ಕಂಪನಿಯ ಆಡಳಿತ ಮಂಡಳಿಯವರೇ, ವಿಭಾಗದ ಮುಖ್ಯಸ್ಥರೇ, ನಿಮ್ಮಲ್ಲಿ ನಾನು ಬೇಡುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಮಾರ್ಚ್ ಹದಿನಾಲ್ಕರ ಪ್ರಕಟಣೆ ತಪ್ಪಾಗಿತ್ತೆಂದು ಅದೇ ಫಲಕದಲ್ಲಿ ಬರೆದು ಹಾಕಿ. ವಾರ್ಷಿಕ ಸಂಚಿಕೆಯ ಆ ವಾಕ್ಯವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ, ಸಾಧನವನ್ನು ರಚಿಸಿದವಳ ಹೆಸರನ್ನು ಪೂರ್ತಿಯಾಗಿ ಅಚ್ಚುಮಾಡಿ. ಬಾಗಿಲಿನ ಪ್ರೋಗ್ರಾಮ್ ಬರೆದವರೇ ಅದರ ಪರೀಕ್ಷೆಯನ್ನೂ ರಚಿಸಕೂಡದೆಂದು ಲಿಖಿತ ನಿಯಮ ಮಾಡಿ. ಆ ನಿಯಮಕ್ಕೆ ಸಹಿ ಹಾಕುವ ಮೊದಲು, ಸ್ವಾಮಿ, ನೀವೂ ಒಮ್ಮೆ ಬಂದು ಆ ಬಾಗಿಲಿನ ನಡುವೆ ನಿಲ್ಲಿ.