ಜ್ವರಕ್ಕೆ ಕೂತ ಮನೆ

ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ‘ಜ್ವರ’ ಎನ್ನುತ್ತಾರೆ. ಕಾಯಿಲೆಯೇನಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲುಗದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಅಲ್ಲಿಯವರೆಗೆ ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ತಪ್ಪು ಹೆಸರು, ಆದರೆ ನಮ್ಮೂರು ಹುತ್ತೂರಿನ ಸುತ್ತ ಯಾರೂ ತಿದ್ದಲಿಲ್ಲ.

ಎಪ್ಪತ್ತರ ದಶಕದ ಕೊನೆ. ನನ್ನ ತಂಗಿಗೆ ಏಳು ವರ್ಷ. ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಬಸ್ಸಿನ ಹಾರನ್ನು, ಒರಳಿನ ಸದ್ದು, ಯಾರದೋ ಕೆಮ್ಮು, ಎಲ್ಲಕ್ಕೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮಾಲೂರಿನ ಕಡೆಯ ಒಂದು ಊರಿನಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕಿ ಮಾತು ಬರಿಸುತ್ತಾರೆ ಎಂಬ ಸುದ್ದಿಯನ್ನು ದೊಡ್ಡಪ್ಪ ತಂದಿದ್ದರು. ಮಾರನೆಯ ದಿನವೇ ಕರೆದೊಯ್ಯುವುದೆಂದು ಅಪ್ಪನನ್ನೂ ಒಪ್ಪಿಸಿದ್ದರು.

ಕರೆದೊಯ್ಯಬೇಕಿದ್ದ ಆ ದಿನ ಹುಳುಗಳಿಗೆ ನಾಲ್ಕನೇ, ಕೊನೆಯ ಜ್ವರ. ಹುಳುಮನೆಯ ಕಿಟಕಿಗೆ ಕಟ್ಟಿದ ಗೋಣಿ ಒದ್ದೆಯಾಗಿತ್ತು ಎಂದು ನನಗೆ ನೆನಪಿದೆ. ಒಣಗಿತ್ತು ಎಂದೂ ನೆನಪಿದೆ. ಯಾವುದನ್ನು ನಂಬಲಿ? ಖಂಡಿತವಾಗಿ ಹೇಳಬಲ್ಲದ್ದು ಒಂದೇ: ತಟ್ಟೆಗಳ ನಡುವೆ ಕೂತಿದ್ದ ತಂಗಿಯ ಕೈಗಳು ಕಿವಿಯ ಮೇಲಿರಲಿಲ್ಲ. ಹಗಲಿರುಳೂ ನಡೆದಿದ್ದ ಸೊಪ್ಪು ಮೇಯುವ ಸದ್ದು ನಿಂತುಹೋಗಿತ್ತು. ಸಾವಿರಾರು ಬಿಳಿಯ ತಲೆಗಳು ಮೇಲೆದ್ದಿದ್ದವು. ಅವುಗಳ ನಡುವೆ ಅವಳ ತಲೆಯೂ. ಅವಳು ಉಸಿರಾಡುವುದು ನನಗೆ ಕೇಳಿಸಿತು. ಒಂದೇ ಮನೆಯಲ್ಲಿ ಏಳು ವರ್ಷ ಬದುಕಿದರೂ ಅದನ್ನು ನಾನು ಕೇಳಿಯೇ ಇರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ.

ದೊಡ್ಡಪ್ಪ ಒಳಗೆ ಬಂದು ಅವಳ ಭುಜ ಹಿಡಿದು ಎಬ್ಬಿಸಲು ಕೈ ಚಾಚಿದರು.

“ಮುಟ್ಬೇಡಿ ಭಾವ,” ಎಂದಳು ಅಮ್ಮ. “ಜ್ವರಕ್ಕೆ ಕೂತಿರೋ ಹುಳಾನ ಅಲ್ಲಾಡಿಸ್ತೀರಾ ನೀವು?”

“ಹುಳ ನಾಳೆ ಎದ್ದೇಳ್ತದೆ ಕಣಮ್ಮ. ಇವಳು?”

ಅಮ್ಮ ಮೂಲೆಯಲ್ಲಿ ಕೂತಿದ್ದ ಅಜ್ಜಿಯತ್ತ ನೋಡಿದಳು. ಹುಳುಮನೆ ಅಜ್ಜಿಯದು, ಅಲ್ಲಿ ಅವಳ ಮಾತೇ ಕೊನೆ.

“ಏಳದಿದ್ರೆ ಸುಡ್ತೀಯೇನೋ?” ಎಂದಳು ಅಜ್ಜಿ, ಮಗನತ್ತ ತಿರುಗದೆ. “ನಿಂಗೂ ನಾಲ್ಕು ವರ್ಷದವರೆಗೆ ಮಾತಿರಲಿಲ್ಲ. ಬಂದ್ಮೇಲೆ ಏನು ಉದ್ಧಾರ ಆಯ್ತು? ಹೊರಗೆ ಹೋಗು, ಹುಳ ಕೂತವೆ.”

ಮಾಲೂರಿಗೆ ಯಾರೂ ಹೋಗಲಿಲ್ಲ.

ಅಮ್ಮ ಜ್ವರದ ಮಾತನ್ನೇ ಹಿಡಿದು ಮನೆಮನೆಗೆ ಹೋದಳು. ಶಾಲೆಯ ಮೇಷ್ಟ್ರಿಗೆ, ರೇಷ್ಮೆಗೂಡು ಕೊಳ್ಳಲು ಬರುತ್ತಿದ್ದ ಸಾಬರಿಗೆ, ತಂಗಿಯನ್ನು ಅಣಕಿಸುತ್ತಿದ್ದ ಹುಡುಗಿಯರಿಗೆ ಹೇಳಿದಳು: ಜ್ವರದ ಹುಳು ಅಂದುಕೊಳ್ಳಿ, ಕೂಗಬೇಡಿ, ಹಿಡಿದೆಳೆಯಬೇಡಿ, ಕಾಯಿರಿ. ಹುಳು ಸಾಕುವ ಊರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮೇಷ್ಟ್ರು ಅವಳ ಜಾಗವನ್ನು ಗಂಟೆಯಿಂದ ದೂರ, ಹಿಂದಿನ ಗೋಡೆಗೆ ಸರಿಸಿದರು.

ಆಮೇಲೆ ತಂಗಿಯೂ ಎದ್ದಳು ಎಂದು ಬರೆಯಲು ಕೈ ತುರಿಸುತ್ತದೆ. ಹೋಲಿಕೆ ಅದನ್ನೇ ಕೇಳುತ್ತದೆ. ಅವಳು ಹುಳುವಲ್ಲ. ಏಳುವುದಕ್ಕೆ ಅವಳಿಗೆ ಜ್ವರವೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕೋಲಾರದ ವೈದ್ಯರೊಬ್ಬರು ‘ಆಟಿಸಂ’ ಎಂಬ ಪದವನ್ನು ಚೀಟಿಯ ಮೇಲೆ ಬರೆದುಕೊಟ್ಟರು. ಇದು ರೋಗವಲ್ಲ, ಅವಳು ಇರುವ ರೀತಿ, ಅವಳ ದಾರಿಯಲ್ಲೇ ಕಲಿಸಿ ಎಂದರು. ಅಮ್ಮ ತಲೆಯಾಡಿಸಿದಳು. ನಾವು ಹೇಳುತ್ತಿದ್ದ ಹೆಸರೂ ತಪ್ಪೇ, ನಡೆದುಕೊಂಡದ್ದು ಮಾತ್ರ ಸರಿ.

ದೊಡ್ಡಪ್ಪ ತಪ್ಪಾಯಿತು ಎಂದು ಯಾವತ್ತೂ ಹೇಳಲಿಲ್ಲ. ಆದರೆ ಅವರು ಮೊಪೆಡ್ ಕೊಂಡ ವರ್ಷ, ಬೀದಿಯ ತುದಿಯಲ್ಲೇ ಎಂಜಿನ್ ಆರಿಸಿ, ತಳ್ಳಿಕೊಂಡು ಬರುವುದನ್ನು ಕಂಡೆ. ತಂಗಿ ಹೊಸಿಲು ದಾಟಿ ಚಕ್ರದ ಹತ್ತಿರ ಹೋಗಿ ಕೂತಳು. ಅವರು ಗಾಡಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರು. ಚಕ್ರ ನಿಂತಾಗ ಅವಳು ಅವರ ಬೆರಳು ಹಿಡಿದು ಚಕ್ರದ ಮೇಲಿಟ್ಟಳು. ಅವರು ಮತ್ತೆ ತಿರುಗಿಸಿದರು.