ಅಡ್ಜಸ್ಟ್ ಆಗದ ಅಕ್ಕೋರು

ಅಕ್ಕೋರ ಮೊಣಕೈಗಳು ಬಲು ಚೂಪು. ಟಂಟಂ ಆಟೋದಲ್ಲಿ ಕೂತರೆ ಎರಡನ್ನೂ ಅಗಲಿಸಿ ಮಡಿಲ ಚೀಲದ ಮೇಲೆ ಊರಿಬಿಡುತ್ತಿದ್ದರು. ‘ಅಕ್ಕೋರ ಬಾಜೂಕ ಕುಂತ್ರ ನಮ್ಮ ಪಕ್ಕೆಲಬು ಉಳಿಯೂದಿಲ್ಲ’ ಎಂದು ಸಾರವಾಡದ ಹೆಂಗಸರು ನಗುತ್ತಿದ್ದರು. ‘ನನ್ನ ಜಾಗಾ ಉಳೀಬೇಕಲ್ಲಬೇ?’ ಅನ್ನುತ್ತಿದ್ದರು ಇವರು.

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ಸಾರವಾಡದಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಇವರೇ. ಒಮ್ಮೆ ‘ಅಡ್ಜಸ್ಟ್’ ಪದ ಬಳಸಿ ವಾಕ್ಯ ಬರೆಯಿರಿ ಎಂದಾಗ ನಾವು ಹುಡುಗಿಯರೆಲ್ಲ ಅತ್ತೆಮನೆಯಲ್ಲಿ ಸೊಸೆ ಅಡ್ಜಸ್ಟ್ ಆಗಬೇಕು ಎಂದೇ ಬರೆದಿದ್ದೆವು. ಅಕ್ಕೋರು ಸಿಟ್ಟಿಗೆದ್ದರು. ‘ಗಡಿಯಾರ ಅಡ್ಜಸ್ಟ್ ಮಾಡ್ತಾರ, ಕನ್ನಡಿ ಮಾಡ್ತಾರ, ಬ್ರೇಕ್ ಮಾಡ್ತಾರ. ಮನಿಶ್ಯಾರೂ ಹೊಂದಿಕೋತಾರ, ಖರೆ. ಆದ್ರ ನಮ್ಮ ಮಂದಿ ಬಾಕಿ ಎಲ್ಲಾ ಬಿಟ್ಟು ಮನಿಶ್ಯಾರನ್ನಷ್ಟ ಅಡ್ಜಸ್ಟ್ ಮಾಡಾಕತ್ತಾರಲ್ಲ!’

ಕಾಲೇಜು ಮುಗಿಸಿ ನಾನೂ ಅದೇ ಶಾಲೆ ಸೇರಿದೆ. ಸಂಜೆ ಇಬ್ಬರೂ ಇಬ್ರಾಹಿಂಪುರದ ನಮ್ಮ ಮನೆಗಳಿಗೆ ಒಂದೇ ಟಂಟಂನಲ್ಲಿ ಮರಳುತ್ತಿದ್ದೆವು.

ಆ ಸಂಜೆ ಗಾಡಿ ತುಂಬಿತ್ತು. ಚಾಲಕ, ‘ಅಕ್ಕೋರ, ಸರೀರಿ, ಇನ್ನಾ ಇಬ್ಬರು ಅದಾರ. ಅಡ್ಜಸ್ಟ್ ಮಾಡ್ಕೋರಿ’ ಅಂದ.

‘ನಿನ್ನೆ ನಿನ್ನ ಬ್ರೇಕ್ ಹಿಡೀವಲ್ದಾಗಿತ್ತು. ಅದನ್ನ ಅಡ್ಜಸ್ಟ್ ಮಾಡಿಸಿಯೇನು?’

‘ಮಾಲಕರು ಮುಂದಿನ ವಾರ ಮಾಡಸ್ತಾರಂತ್ರಿ.’

‘ಹಂಗಾರ ನಾ ಇಳೀತೀನಿ.’

‘ಕುಂದರ್ರಿ ಅಕ್ಕೋರ, ಹೊತ್ತಾಗೇತಿ’ ಎಂದು ಯಾರೋ ಸೆರಗು ಹಿಡಿದು ಜಗ್ಗಿದರು. ಅಷ್ಟರಲ್ಲಿ ಗಾಡಿ ಹೊರಟಿತ್ತು.

ಕಾಲುವೆಯ ಇಳಿಜಾರಿನಲ್ಲಿ, ನಮ್ಮ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಚಾಲಕ ಬ್ರೇಕನ್ನು ಮತ್ತೆ ಮತ್ತೆ ತುಳಿದ. ಅದು ಟಪಟಪ ಎಂದು ಸುಮ್ಮನೆ ಕೆಳಗಿಳಿಯುತ್ತಿತ್ತು. ಆ ಸದ್ದು ಊಟಕ್ಕೆ ಕೂತಾಗಲೂ ನನಗೆ ಕೇಳಿಸುತ್ತದೆ. ಟ್ರ್ಯಾಕ್ಟರ್ ತಪ್ಪಿಸಲು ಹೊರಳಿಸಿದ ಗಾಡಿ ತಗ್ಗಿಗೆ ಉರುಳುವಾಗ ಅಕ್ಕೋರ ಮೊಣಕೈ ನನ್ನನ್ನು ಹಿಂದಕ್ಕೆ ಒತ್ತಿ ಹಿಡಿಯಿತು. ನಾನು ಉಳಿದೆ. ಅವರು ಉಳಿಯಲಿಲ್ಲ.

ಅವರ ಮಣ್ಣಾದ ಮೇಲೆ ಗಾಡಿಯ ಮಾಲಕ ನಮ್ಮ ಮನೆಗೆ ಬಂದ. ನಾನು ಕೊಟ್ಟ ಚಹಾ ಕುಡಿಯುತ್ತ ಅಂದ: ‘ಬ್ರೇಕ್ ಚಲೋನ ಇತ್ತಂತ ಪೊಲೀಸರಿಗೆ ಹೇಳ್ರಿ ಮೇಡಂ. ಹೋದಾವ್ರೇನು ತಿರುಗಿ ಬರ್ತಾರ? ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ.’

ಆ ಪದವನ್ನೇ ಬಳಸಬೇಕೇ, ಅವರ ಸಾವಿಗೂ? ಅವನ ಕೈಯ ಚಹಾದ ಕಪ್ ಕಸಿದುಕೊಂಡು, ‘ಏಳ್ರಿ ಮ್ಯಾಲ’ ಅಂದೆ.

ಪೊಲೀಸರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿ ಬಂದಿದ್ದೇನೆ. ‘ಇಷ್ಟ್ಯಾಕ ಹಟಾ ನಿನಗ?’ ಎನ್ನುತ್ತದೆ ಓಣಿ. ಅನ್ನಲಿ. ಇಂದಿಗೂ ಟಂಟಂನಲ್ಲೇ ಓಡಾಡುತ್ತೇನೆ. ಹತ್ತುವ ಮೊದಲು ಬಾಗಿಲಲ್ಲಿ ನಿಂತು ಹೇಳುತ್ತೇನೆ: ‘ಮೊದಲ ಬ್ರೇಕ್ ತುಳದು ತೋರಸಪಾ, ಆಮ್ಯಾಲ ಹತ್ತತೀನಿ.’

ಹಿಂದೆ ನಿಂತವರು ಗೊಣಗುತ್ತಾರೆ, ನೂಕುತ್ತಾರೆ. ನಾನು ಮೊಣಕೈ ಅಗಲಿಸಿ ನಿಲ್ಲುತ್ತೇನೆ.